ಕಂಪನಿ ನಾಟಕದಿಂದ ಕ್ಯಾಮೆರಾ ಮುಂದಕ್ಕೆ: ನಮ್ಮ ತಿಪಟೂರಿನ ನರಸಿಂಹರಾಜು

ಹೊರದೇಶದಲ್ಲಿ ಪಂಕ್ ರಾಕ್ ಹಾಡ್ತಿದ್ದವನೊಬ್ಬ ಗಿಟಾರ್ ಬದಿಗಿಟ್ಟು ಟಿವಿ ಸಾಕ್ಷ್ಯಚಿತ್ರದ ನಿರೂಪಕನಾದ ಅಂದ್ರೆ ನಾವು ಹಾಸ್ಟೆಲ್‌ನಲ್ಲಿ ಕೂತು ಬೆರಗಾಗಿ ವಿಡಿಯೊ ನೋಡ್ತೀವಿ. ವೇದಿಕೆ ಮೇಲೆ ಅಬ್ಬರಿಸಿ ಹೆಸರು ಮಾಡಿದವರು ಕ್ಯಾಮೆರಾ ಮುಂದೆ ಬಂದು ಅಲ್ಲೂ ಗೆಲ್ಲೋದು ಸುಲಭವಲ್ಲ, ನಿಜ. ಆದರೆ ಅಂಥ ದಾಟುವಿಕೆ ನೋಡೋಕೆ ಅಷ್ಟು ದೂರ ಯಾಕೆ ಹೋಗಬೇಕು? ಕೊಬ್ಬರಿ ಮಂಡಿಯ ಊರು ತಿಪಟೂರಿನಲ್ಲಿ 1923ರ ಜುಲೈ 24ರಂದು ಹುಟ್ಟಿದ ಟಿ. ಆರ್. ನರಸಿಂಹರಾಜು ಇದ್ದಾರಲ್ಲ. ನಮ್ಮ ಸೀಮೆಯವರು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಹುಡುಗನಿಗೆ ನಾಲ್ಕು ವರ್ಷವಾಗಿದ್ದಾಗಲೇ ಬಣ್ಣ ಹಚ್ಚಿದರು. ಸಿ. ಬಿ. ಮಲ್ಲಪ್ಪನವರ ಚಂದ್ರಮೌಳೇಶ್ವರ ನಾಟಕ ಸಭಾ ಅವರ ಮೊದಲ ಶಾಲೆ. ಪ್ರಹ್ಲಾದ, ಲೋಹಿತಾಶ್ವ, ಬಾಲಕೃಷ್ಣ ಹೀಗೆ ಮಕ್ಕಳ ಪಾತ್ರಗಳು. ಬೆಳೀತಾ ಬೆಳೀತಾ ಕಂಪನಿ ಬದಲಾಯ್ತು, ಪಾರ್ಟೂ ಬದಲಾಯ್ತು. ನಡುವೆ ಸ್ವಂತ ಕಂಪನಿಯನ್ನೂ ಕಟ್ಟಿ ನೋಡಿದರು, ಅದು ನಿಲ್ಲಲಿಲ್ಲ. ನಾವಿವತ್ತು ಸ್ಟಾರ್ಟಪ್ ಮುಚ್ಚಿತು ಅಂತ ದೊಡ್ಡ ಸುದ್ದಿ ಮಾಡ್ತೀವಿ. ಅವರು ಮತ್ತೆ ಬೇರೆಯವರ ಕಂಪನಿಗೆ ನಟನಾಗಿ ಸೇರಿಕೊಂಡರು, ಅಷ್ಟೆ. ಹಿರಣ್ಣಯ್ಯನವರ ಮಿತ್ರಮಂಡಳಿಯಲ್ಲಿ ದುಡಿದರು, ಕೊನೆಗೆ ಗುಬ್ಬಿ ಕಂಪನಿಗೆ ಬಂದರು. ತಿಪಟೂರಿನಿಂದ ಗುಬ್ಬಿಗೆ ರೈಲಿನಲ್ಲಿ ಎಷ್ಟು ಹೊತ್ತು, ನಡುವೆ ಅಮ್ಮಸಂದ್ರ, ಬಾಣಸಂದ್ರ. ಅವರಿಗೆ ಆ ದಾರಿ ಸವೆಸೋಕೆ ಹತ್ತಿರ ಹತ್ತಿರ ಕಾಲು ಶತಮಾನ ಬೇಕಾಯ್ತು. ಅಟ್ಟದ ಮೇಲೆ ಹಾಕಿದ ಕಾಯಿ ನೀರೆಲ್ಲ ಇಂಗಿ ಗಿಟುಕಾಗೋಕೆ ವರ್ಷ ಕಾಯ್ತೀವಲ್ಲ, ಹಾಗೆ.

ಕಂಪನಿ ನಾಟಕದ ನಟನೆ ಅಂದ್ರೆ ಏನು ಅನ್ನೋದನ್ನ ಇಲ್ಲಿ ಸ್ವಲ್ಪ ಹೇಳಲೇಬೇಕು. ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕೂತವನಿಗೂ ಮಾತು ಕೇಳಬೇಕು, ಮುಖ ಕಾಣಬೇಕು. ಹಾಡೂ ಬರಬೇಕು, ಮಾತೂ ಬರಬೇಕು, ಯಾರಾದರೂ ಕೈಕೊಟ್ಟರೆ ಅವರ ಪಾರ್ಟನ್ನೂ ನಿಭಾಯಿಸಬೇಕು. ಹಾಸ್ಯದವನ ಪಾಡು ಇನ್ನೂ ಬೇರೆ. ಜನ ನಕ್ಕರೆ ನಿಲ್ಲಬೇಕು, ನಗು ಇಳಿಯೋ ಹೊತ್ತಿಗೆ ಮುಂದಿನ ಮಾತು ಎಸೀಬೇಕು, ನಗದಿದ್ದರೆ ಅಲ್ಲೇ ದಾರಿ ಬದಲಿಸಬೇಕು. ನಮ್ಮ ಕಂಟ್ರೋಲ್ ಸಿಸ್ಟಮ್ಸ್ ಭಾಷೆಯಲ್ಲಿ ಹೇಳೋದಾದ್ರೆ ಪಕ್ಕಾ ಕ್ಲೋಸ್ಡ್ ಲೂಪ್.

ಅಂಥವರು 1954ರಲ್ಲಿ ‘ಬೇಡರ ಕಣ್ಣಪ್ಪ’ಕ್ಕಾಗಿ ಕ್ಯಾಮೆರಾ ಮುಂದೆ ನಿಂತರು. ಎಚ್. ಎಲ್. ಎನ್. ಸಿಂಹ ನಿರ್ದೇಶನ. ಮುತ್ತುರಾಜ್ ಅನ್ನೋ ಇನ್ನೊಬ್ಬ ಕಂಪನಿ ನಟ ರಾಜ್‌ಕುಮಾರ್ ಆಗಿದ್ದೂ ಅದೇ ಚಿತ್ರದಲ್ಲಿ. ನರಸಿಂಹರಾಜು ಅವರದ್ದು ಅರ್ಚಕರ ಮಗ ಕಾಶಿಯ ಪಾತ್ರ. ಸ್ಟುಡಿಯೊದಲ್ಲಿ ನಗೋರು ಯಾರೂ ಇಲ್ಲ, ನಕ್ಕರೆ ಟೇಕ್ ಹಾಳು. ಕೊನೆಯ ಸಾಲು ಅನ್ನೋದೇ ಇಲ್ಲ. ಹುಬ್ಬು ಎತ್ತಿದರೆ ಸಾಕು, ಇಡೀ ಪರದೆ ತುಂಬುತ್ತೆ. ರಂಗಭೂಮಿಯಿಂದ ಬಂದ ಎಷ್ಟೋ ಜನ ಎಡವಿದ್ದು ಇಲ್ಲೇ: ಸಿನಿಮಾದಲ್ಲೂ ಅದೇ ಎತ್ತರದ ದನಿ, ಅದೇ ಕೈಬೀಸು. ನರಸಿಂಹರಾಜು ತಗ್ಗಿಸೋದನ್ನ ಕಲಿತರು. ಸಣಕಲು ಮೈ, ಮುಂದಕ್ಕೆ ಬಂದ ಹಲ್ಲು, ಗಾಬರಿಬಿದ್ದ ಕಣ್ಣು, ಇಷ್ಟೇ ಬಂಡವಾಳ.

ಆದರೆ ಗೆದ್ದ ಕೂಡಲೇ ಕಷ್ಟ ಮುಗಿಯಲಿಲ್ಲ. ಆಗ ಕನ್ನಡ ಸಿನಿಮಾ ಮದ್ರಾಸಿನ ಸ್ಟುಡಿಯೊಗಳನ್ನೇ ನಂಬಿಕೊಂಡಿತ್ತು, ವರ್ಷಕ್ಕೆ ಬರ್ತಿದ್ದ ಚಿತ್ರಗಳೂ ಬೆರಳೆಣಿಕೆ. ಕೆಲಸವಿಲ್ಲದ ಕಲಾವಿದರು ಏನು ಮಾಡಬೇಕು? ರಾಜ್‌ಕುಮಾರ್, ಬಾಲಕೃಷ್ಣ, ಜಿ. ವಿ. ಅಯ್ಯರ್, ನರಸಿಂಹರಾಜು ಸೇರಿ ಕನ್ನಡ ಚಲನಚಿತ್ರ ಕಲಾವಿದರ ಸಂಘ ಕಟ್ಟಿದರು. ಬಿಟ್ಟು ಬಂದಿದ್ದ ನಾಟಕಕ್ಕೇ ವಾಪಸ್ ಹೋದರು. ಸಿನಿಮಾದಲ್ಲಿ ನೋಡಿದ ಮುಖಗಳು ಊರೂರಿಗೆ ಬಂದು ಆಡಿದವು. ಆಮೇಲೆ ಅದೇ ಸಂಘದ ಹೆಸರಲ್ಲಿ 1960ರಲ್ಲಿ ‘ರಣಧೀರ ಕಂಠೀರವ’ ತೆಗೆದರು, ಅದು ಗೆದ್ದಿತು. ಇವರ ಬದುಕಿನಲ್ಲಿ ನಮಗೆ ತುಂಬಾ ದೊಡ್ಡದಾಗಿ ಕಾಣೋದು ಇದೇ. ಹಾಸ್ಯನಟ ಅಂದ್ರೆ ಹೀರೊ ಪಕ್ಕ ನಿಂತು ಹಲ್ಲು ಕಿರಿಯೋನು ಅಂತ ನಾವು ಅಂದುಕೊಂಡಿದ್ದರೆ, ಇಲ್ಲಿ ನಷ್ಟವಾದರೆ ಹೆಗಲು ಕೊಡಬೇಕಾದ ನಾಲ್ವರಲ್ಲಿ ಅವರೂ ಒಬ್ಬರು.

ಮುಂದಿನದು ಓಟ. 25 ವರ್ಷದಲ್ಲಿ 250ಕ್ಕೂ ಹೆಚ್ಚು ಚಿತ್ರ, ಅಂದರೆ ವರ್ಷಕ್ಕೆ ಸರಾಸರಿ ಹತ್ತು. ಮೊದಲು ನರಸಿಂಹರಾಜು ಅವರ ಕಾಲ್‌ಶೀಟ್ ಹೊಂದಿಸಿಕೊಂಡು ಆಮೇಲೆ ನಾಯಕನ ಹತ್ತಿರ ಹೋಗ್ತಿದ್ದರು ಅನ್ನೋ ಮಾತು ಹಳಬರ ಬಾಯಲ್ಲಿ ಇನ್ನೂ ಇದೆ. ಬಾಲಕೃಷ್ಣ ಜತೆಗಿನ ಜೋಡಿಯಂತೂ ಹೇಳಬೇಕಾದ್ದೇ ಇಲ್ಲ. 1974ರ ‘ಪ್ರೊಫೆಸರ್ ಹುಚ್ಚೂರಾಯ’ದಲ್ಲಿ ಅವರೇ ನಾಯಕ. ಎಲ್ಲ ಚಿತ್ರಗಳೂ ಒಂದೇ ತೂಕದವು ಅಂತ ನಾವು ಹೇಳಲ್ಲ. ಅಷ್ಟು ಅವಸರದಲ್ಲಿ ಮಾಡಿದ ಕೆಲವು ಪಾತ್ರ ಒಂದರ ನಕಲು ಇನ್ನೊಂದು ಅನ್ನಿಸುತ್ತೆ.

ಆದರೆ ಒಂದನ್ನ ಮಾತ್ರ ನೋಡಿ. 1965ರ ‘ಸತ್ಯ ಹರಿಶ್ಚಂದ್ರ’, ಹುಣಸೂರು ಕೃಷ್ಣಮೂರ್ತಿಯವರದ್ದು. ರಾಜ್ಯ ಬಿಟ್ಟುಕೊಟ್ಟು ಹೆಂಡತಿ ಮಗನ ಜತೆ ಬರಿಗೈಲಿ ಹೊರಟ ಅರಸನ ಹಿಂದೆ ಸಾಲ ವಸೂಲಿಗೆ ಬೀಳುವ ನಕ್ಷತ್ರಿಕ ಇವರು. ಪಾತ್ರದ ಕೆಲಸ ಪೀಡಿಸೋದು. ಸ್ವಲ್ಪ ಹೆಚ್ಚಾದರೆ ದ್ವೇಷ ಬರುತ್ತೆ, ಸ್ವಲ್ಪ ಕಡಿಮೆಯಾದರೆ ಹರಿಶ್ಚಂದ್ರನ ಸಂಕಟವೇ ಹಗುರಾಗುತ್ತೆ. ನಾಲ್ಕನೇ ವಯಸ್ಸಿನಿಂದ ಪೌರಾಣಿಕ ನಾಟಕದಲ್ಲೇ ಬೆಳೆದವರಿಗೆ, ಎಳೆಯ ವಯಸ್ಸಿನಲ್ಲಿ ಅದೇ ಕಥೆಯ ಲೋಹಿತಾಶ್ವನಾಗಿದ್ದವರಿಗೆ, ಆ ಅಳತೆ ಗೊತ್ತಿತ್ತು.

1979ರ ಜುಲೈ 11ರಂದು ತೀರಿಕೊಂಡರು. 56 ತುಂಬೋಕೆ 13 ದಿನ ಬಾಕಿ ಇತ್ತು. ಬೆಂಗಳೂರು ದೂರದರ್ಶನ ಶುರುವಾಗಿದ್ದು 1981ರಲ್ಲಿ. ನಮ್ಮ ಅಪ್ಪ ಅಮ್ಮಂದಿರಲ್ಲಿ ಎಷ್ಟೋ ಜನ ಅವರನ್ನ ನೋಡಿದ್ದು ಆಮೇಲೇ, ಟಿವಿ ಇದ್ದವರ ಮನೆ ನಡುಮನೆಯಲ್ಲಿ ಕೂತು. 2008ರಲ್ಲಿ ‘ಸತ್ಯ ಹರಿಶ್ಚಂದ್ರ’ಕ್ಕೆ ಬಣ್ಣ ತುಂಬಿ ಮತ್ತೆ ಥಿಯೇಟರಿಗೆ ಬಿಟ್ಟರು. ಆ ಚಿತ್ರ ನೋಡುವಾಗ ಒಂದು ವಿಷಯ ಗಮನಿಸಿ: ನಕ್ಷತ್ರಿಕ ಒಂದು ಮಾತು ಹೇಳಿ ಮುಂದಿನದಕ್ಕೆ ಹೋಗೋ ಮುಂಚೆ ಒಂದರೆಕ್ಷಣ ಸುಮ್ಮನಿರ್ತಾರೆ. ಎದುರಿಗೆ ಜನ ಕೂತಿದ್ದಾರೆ ಅನ್ನೋ ಲೆಕ್ಕ ಅದು.