ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಲೇಖಕ ಕಿನ್ನರಿಯರ ಫೋಟೋ ನಂಬಿದ್ದೇಕೆ?

ಸುಳ್ಳು ಸುದ್ದಿ ನಂಬುವವರು ಓದು ಬರಹ ಇಲ್ಲದವರು ಮಾತ್ರ ಎಂದು ನಮ್ಮಲ್ಲಿ ಹಲವರು ಭಾವಿಸಿದ್ದೇವೆ. ಇದು ನಿಜವೇ? ಆರ್ಥರ್ ಕಾನನ್ ಡಾಯ್ಲ್ ಅವರ ಬದುಕು ಬೇರೆಯೇ ಕಥೆ ಹೇಳುತ್ತದೆ.

ಡಾಯ್ಲ್ ಹುಟ್ಟಿದ್ದು 1859ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ಓದಿದ್ದು ವೈದ್ಯಕೀಯ. ರೋಗಿಯನ್ನು ನೋಡಿದ ಕೂಡಲೇ ಆತನ ಕಸುಬು ಹೇಳಿಬಿಡುತ್ತಿದ್ದ ಜೋಸೆಫ್ ಬೆಲ್ ಅವರ ಗುರು. ಆ ಗುರುವನ್ನೇ ಮಾದರಿಯಾಗಿಟ್ಟುಕೊಂಡು ಷರ್ಲಾಕ್ ಹೋಮ್ಸ್ ಎಂಬ ಪತ್ತೇದಾರನನ್ನು ಸೃಷ್ಟಿಸಿದರು. 1887ರಲ್ಲಿ ಹೋಮ್ಸ್‌ನ ಮೊದಲ ಕಾದಂಬರಿ ಬಂತು.

ಅವರ ಜಾಣ್ಮೆ ಕಥೆಗಷ್ಟೇ ಸೀಮಿತವಾಗಿರಲಿಲ್ಲ. ಜಾರ್ಜ್ ಎಡಲ್ಜಿ ಎಂಬ ವಕೀಲ ರಾತ್ರಿ ಹೊತ್ತು ಕುದುರೆಯನ್ನು ಕೊಯ್ದು ಗಾಯಗೊಳಿಸಿದನೆಂದು ಜೈಲು ಸೇರಿದ್ದ. ಅವನ ತಂದೆ ಭಾರತ ಮೂಲದ ಪಾರ್ಸಿ ಮನೆತನದವರು. ಎಡಲ್ಜಿಯ ಕಣ್ಣಿನ ದೃಷ್ಟಿ ತೀರಾ ಮಂದ, ಕತ್ತಲಲ್ಲಿ ಹೊಲ ದಾಟಿ ಹೋಗಿ ಅಂಥ ಕೆಲಸ ಮಾಡುವುದು ಅಸಾಧ್ಯ ಎಂದು ಡಾಯ್ಲ್ ವಾದಿಸಿದರು. 1907ರಲ್ಲಿ ಸರ್ಕಾರ ಆ ಆರೋಪದಿಂದ ಅವನಿಗೆ ಕ್ಷಮಾದಾನ ಕೊಟ್ಟಿತು.

ಇದೇ ಡಾಯ್ಲ್ ಅವರಿಗೆ ಆತ್ಮಗಳ ಲೋಕದ ಬಗ್ಗೆ ಮೊದಲಿನಿಂದಲೂ ಆಸಕ್ತಿ ಇತ್ತು. 1918ರಲ್ಲಿ ಮಗ ಕಿಂಗ್ಸ್‌ಲೀ, 1919ರಲ್ಲಿ ತಮ್ಮ ಇನ್ನೆಸ್ ತೀರಿಕೊಂಡರು. ಕಣ್ಣಿಗೆ ಕಾಣದ ಲೋಕವೊಂದು ಇರಲೇಬೇಕು ಎಂಬುದು ಈಗ ಅವರ ಮನಸ್ಸಿನ ಆಸೆಯೂ ಆಗಿತ್ತು.

1920ರಲ್ಲಿ ಅವರ ಕೈಗೆ ಎರಡು ಫೋಟೋ ಬಂದವು. ಇಂಗ್ಲೆಂಡಿನ ಕಾಟಿಂಗ್ಲೀ ಎಂಬ ಹಳ್ಳಿಯಲ್ಲಿ 1917ರಲ್ಲಿ ಇಬ್ಬರು ಹುಡುಗಿಯರು ತೆಗೆದವು. ಒಂದರಲ್ಲಿ ಹುಡುಗಿಯ ಮುಂದೆ ರೆಕ್ಕೆಯ ಪುಟ್ಟ ಕಿನ್ನರಿಯರು ಕುಣಿಯುತ್ತಿದ್ದರು! ಒಬ್ಬ ಫೋಟೋ ಪರಿಣತ ಅಸಲಿ ಎಂದ. ಇಲ್ಫರ್ಡ್ ಕಂಪನಿ ನಕಲಿಯ ಗುರುತು ಇದೆ ಎಂದಿತು. ಕೊಡಾಕ್ ಕಂಪನಿ ಪ್ರಮಾಣಪತ್ರ ಕೊಡಲು ಒಪ್ಪಲಿಲ್ಲ. ಡಾಯ್ಲ್ ಹಿಡಿದುಕೊಂಡದ್ದು ಅಸಲಿ ಎಂದವನ ಮಾತನ್ನು. ಅದೇ ಡಿಸೆಂಬರ್‌ನಲ್ಲಿ ಸ್ಟ್ರಾಂಡ್ ಪತ್ರಿಕೆಯಲ್ಲಿ ಲೇಖನ ಬರೆದರು, 1922ರಲ್ಲಿ ಪುಸ್ತಕವನ್ನೇ ತಂದರು. 1930ರಲ್ಲಿ ತೀರಿಕೊಂಡರು.

ಸತ್ಯ ಹೊರಬಂದದ್ದು 1983ರಲ್ಲಿ. ಆ ಕುಣಿಯುವ ಕಿನ್ನರಿಯರು ಕಾಗದದ ಚಿತ್ರಗಳು, ಹ್ಯಾಟ್‌ಗೆ ಚುಚ್ಚುವ ಪಿನ್ನುಗಳಿಂದ ನಿಲ್ಲಿಸಿದ್ದೆವು ಎಂದು ಮುದುಕಿಯರಾಗಿದ್ದ ಆ ಹುಡುಗಿಯರೇ ಒಪ್ಪಿಕೊಂಡರು. ಚಿತ್ರಗಳಿಗೆ ಮಾದರಿ ಸಿಕ್ಕಿದ್ದು 1914ರ ಒಂದು ಮಕ್ಕಳ ಪುಸ್ತಕದಲ್ಲಿ. ತಮಾಷೆಯೆಂದರೆ, ಅದೇ ಪುಸ್ತಕದಲ್ಲಿ ಡಾಯ್ಲ್ ಅವರ ಕಥೆಯೂ ಇತ್ತು!

ಮನಸ್ಸಿಗೆ ಒಪ್ಪುವ ಸಾಕ್ಷಿಯನ್ನು ಮಾತ್ರ ಹೆಕ್ಕಿಕೊಂಡು, ಉಳಿದದ್ದನ್ನು ಪಕ್ಕಕ್ಕೆ ತಳ್ಳುವ ಈ ಗುಣವನ್ನು ಮನೋವಿಜ್ಞಾನಿಗಳು ಕನ್ಫರ್ಮೇಷನ್ ಬಯಾಸ್ ಎನ್ನುತ್ತಾರೆ. ಬುದ್ಧಿ ಹೆಚ್ಚಿದ್ದರೆ ಇದು ತಾನಾಗಿ ಕಡಿಮೆಯಾಗುವುದಿಲ್ಲ. ನಂಬಿದ್ದನ್ನು ಸಮರ್ಥಿಸಲು ಬುದ್ಧಿವಂತರಿಗೆ ವಾದಗಳೂ ಹೆಚ್ಚು ಹೊಳೆಯುತ್ತವೆ. ಎಡಲ್ಜಿ ವಿಷಯದಲ್ಲಿ ನ್ಯಾಯಾಲಯ ಒಪ್ಪಿದ್ದನ್ನು ಡಾಯ್ಲ್ ಪ್ರಶ್ನಿಸಿದರು. ಕಿನ್ನರಿಯರ ವಿಷಯದಲ್ಲಿ ತಮ್ಮ ಆಸೆಯನ್ನು ಪ್ರಶ್ನಿಸಲಿಲ್ಲ.

ಹಾಗಾಗಿ ಮುಂದಿನ ಸಲ ಒಂದು ಫಾರ್ವರ್ಡ್ ನೋಡಿ ಮನಸ್ಸಿಗೆ ತುಂಬಾ ಖುಷಿಯಾದರೆ, ಕಳಿಸುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳೋಣ: ಇದು ಸುಳ್ಳು ಎಂದು ಯಾರಾದರೂ ಹೇಳಿದ್ದಾರೆಯೇ? ಹೇಳಿದ್ದರೆ, ಅವರ ಮಾತನ್ನೂ ಓದಿಯೇ ಮುಂದೆ ಕಳಿಸೋಣ.