ನೀರಿನ ಜಾಡು ಹಿಡಿದ ವೈದ್ಯ ಜಾನ್ ಸ್ನೋ

ಊರಿನಲ್ಲಿ ವಾಂತಿಭೇದಿ ಕಾಣಿಸಿಕೊಂಡರೆ ಆರೋಗ್ಯ ಇಲಾಖೆಯವರು ಬಂದು ಬಾವಿಗೆ ಬ್ಲೀಚಿಂಗ್ ಪುಡಿ ಹಾಕುತ್ತಾರೆ, ಸೀಸೆಯಲ್ಲಿ ನೀರು ತುಂಬಿ ಪರೀಕ್ಷೆಗೆ ಒಯ್ಯುತ್ತಾರೆ. ರೋಗ ಬಂದಾಗ ಮನೆಯವರು ಕುಡಿದ ನೀರನ್ನು ವಿಚಾರಿಸಬೇಕೆಂದು ಲೆಕ್ಕ ಸಮೇತ ತೋರಿಸಿಕೊಟ್ಟವರು ಇಂಗ್ಲೆಂಡಿನ ಡಾ. ಜಾನ್ ಸ್ನೋ.

ಅವರು ಹುಟ್ಟಿದ್ದು 1813ರ ಮಾರ್ಚ್ 15ರಂದು, ಯಾರ್ಕ್ ಪಟ್ಟಣದ ಕೂಲಿಕಾರನೊಬ್ಬನ ಮನೆಯಲ್ಲಿ. ಒಂಬತ್ತು ಮಕ್ಕಳಲ್ಲಿ ಹಿರಿಯರು. ಹದಿನಾಲ್ಕನೆಯ ವಯಸ್ಸಿಗೇ ವೈದ್ಯರೊಬ್ಬರ ಕೈಕೆಳಗೆ ಕೆಲಸ ಕಲಿಯಲು ನ್ಯೂಕ್ಯಾಸಲ್‌ಗೆ ಹೋದರು. ಬಂಗಾಳದ ಕಡೆಯಿಂದ ಹೊರಟ ಕಾಲರಾ 1831ರಲ್ಲಿ ಇಂಗ್ಲೆಂಡನ್ನು ಮುಟ್ಟಿದಾಗ ಈ ಹುಡುಗ ಕಲ್ಲಿದ್ದಲು ಗಣಿಯ ಕಾರ್ಮಿಕರ ಶುಶ್ರೂಷೆಗೆ ನಿಂತರು. ಗಣಿಯೊಳಗೆ ಶೌಚಕ್ಕೆ ಬೇರೆ ಜಾಗವಿರಲಿಲ್ಲ. ಕೈತೊಳೆಯಲು ನೀರೂ ಇಲ್ಲದೆ ಅದೇ ಕೈಯಲ್ಲಿ ಬುತ್ತಿ ಉಣ್ಣಬೇಕಿತ್ತು.

ಕೆಟ್ಟ ಗಾಳಿಯಿಂದ ಕಾಲರಾ ಬರುತ್ತದೆಂಬುದು ಆಗಿನ ದೊಡ್ಡ ವೈದ್ಯರ ನಂಬಿಕೆ. ಲಂಡನ್ನಿಗೆ ಬಂದ ಸ್ನೋ ಅವರು ಶಸ್ತ್ರಚಿಕಿತ್ಸೆಗೆ ಮತ್ತು ಬರಿಸುವ ಈಥರ್, ಕ್ಲೋರೋಫಾರಂಗಳಲ್ಲಿ ನಿಪುಣರಾದರು. 1853ರಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆಯಲ್ಲಿ ಕ್ಲೋರೋಫಾರಂ ಕೊಟ್ಟವರು ಇವರೇ. ಆವಿಗಳ ಗುಣ ಬಲ್ಲ ಇವರಿಗೆ ಗಾಳಿಯ ವಾದ ಒಪ್ಪಿಗೆಯಾಗಲಿಲ್ಲ. ರೋಗ ಮೊದಲು ಹಿಡಿಯುವುದು ಹೊಟ್ಟೆಯನ್ನು. ಆದ್ದರಿಂದ ಅದರ ಬೀಜ ಬಾಯಿಂದಲೇ ಒಳಹೋಗಿರಬೇಕು ಎಂದು 1849ರಲ್ಲೇ ಬರೆದರು. ಹೆಚ್ಚಿನವರು ಕಿವಿಗೊಡಲಿಲ್ಲ.

1854ರ ಆಗಸ್ಟ್ ಕೊನೆಗೆ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತ ಕಾಲರಾ ಎದ್ದಿತು. ಹತ್ತೇ ದಿನದಲ್ಲಿ 500ಕ್ಕೂ ಹೆಚ್ಚು ಸಾವು. ಸತ್ತವರು ಎಲ್ಲಿಯ ನೀರು ಕುಡಿದಿದ್ದರೆಂದು ಸ್ನೋ ಅವರು ವಿಚಾರಿಸುತ್ತ ಹೋದರು. ಹೆಚ್ಚಿನವರು ಬೀದಿಯ ಕೈಪಂಪಿನ ನೀರು ಕುಡಿದವರು. ಅದೇ ಬೀದಿಯ ಬಿಯರ್ ಕಾರ್ಖಾನೆಯ ಆಳುಗಳಲ್ಲಿ ಯಾರೂ ಸಾಯಲಿಲ್ಲ. ಅವರು ಆ ಪಂಪನ್ನು ಮುಟ್ಟುತ್ತಿರಲಿಲ್ಲ. ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ವಿಧವೆಯೊಬ್ಬರು ಸತ್ತರು. ಹಳೆಯ ಬೀದಿಯ ನೀರೇ ರುಚಿಯೆಂದು ಆಕೆ ದಿನವೂ ಬಂಡಿಯಲ್ಲಿ ತರಿಸಿಕೊಳ್ಳುತ್ತಿದ್ದರು! ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ಕಳಚಲಾಯಿತು. ಆ ಹೊತ್ತಿಗೆ ಜನ ಊರು ಬಿಟ್ಟು, ರೋಗ ಇಳಿಮುಖವಾಗಿತ್ತು ಎಂಬುದನ್ನೂ ಹೇಳಬೇಕು. ಸ್ನೋ ಅವರೇ ಅದನ್ನು ಮುಚ್ಚಿಡಲಿಲ್ಲ.

ಹಿಡಿ ಕಳಚಿದ ಕತೆಯೇ ಹೆಚ್ಚು ಪ್ರಸಿದ್ಧ. ಆದರೆ ಅವರ ದೊಡ್ಡ ಕೆಲಸ ಥೇಮ್ಸ್ ನದಿಯ ದಕ್ಷಿಣ ದಂಡೆಯದು. ಅಲ್ಲಿ ಎರಡು ಕಂಪೆನಿಗಳು ಒಂದೇ ಬೀದಿಯಲ್ಲಿ ಕೊಳವೆ ಹಾಕಿದ್ದವು. ಲ್ಯಾಂಬೆತ್ ಕಂಪೆನಿ 1852ರಲ್ಲಿ ತನ್ನ ನೀರೆತ್ತುವ ಜಾಗವನ್ನು ನಗರದ ಕೊಳೆ ಸೇರದ ಮೇಲ್ಭಾಗಕ್ಕೆ ಬದಲಿಸಿತ್ತು. ಸದರ್ಕ್ ಅಂಡ್ ವಾಕ್ಸ್‌ಹಾಲ್ ಕಂಪೆನಿ ಮಾತ್ರ ಚರಂಡಿ ಬೆರೆತ ಕೆಳಭಾಗದಿಂದಲೇ ಎತ್ತುತ್ತಿತ್ತು. ಅಕ್ಕಪಕ್ಕದ ಮನೆ, ಒಂದೇ ಗಾಳಿ, ನೀರು ಮಾತ್ರ ಬೇರೆ. ಸ್ನೋ ಅವರು ಸಾವು ಸಂಭವಿಸಿದ ಮನೆಗಳ ಬಾಗಿಲು ತಟ್ಟಿದರು. ಬಾಡಿಗೆದಾರರಲ್ಲಿ ಅನೇಕರಿಗೆ ತಮ್ಮದು ಯಾರ ನೀರೆಂದೇ ಗೊತ್ತಿರಲಿಲ್ಲ. ಆಗ ಅವರು ರಸಾಯನಶಾಸ್ತ್ರದ ನೆರವು ಪಡೆದರು. ಸಿಲ್ವರ್ ನೈಟ್ರೇಟ್ ಹಾಕಿದರೆ ಉಪ್ಪಿರುವ ನೀರು ಬೆಳ್ಳಗಾಗುತ್ತದೆ. ಕೆಳಭಾಗದ ನೀರಿನಲ್ಲಿ ಉಪ್ಪು ಸುಮಾರು 40 ಪಟ್ಟು ಹೆಚ್ಚಿತ್ತು. ಕಂಪೆನಿ ಯಾವುದೆಂದು ನೀರೇ ಹೇಳಿತು. ಮೊದಲ ಏಳು ವಾರಗಳ ಲೆಕ್ಕ ಹೀಗಿತ್ತು: ಸದರ್ಕ್ ಕಂಪೆನಿಯ 40,046 ಮನೆಗಳಲ್ಲಿ 1,263 ಸಾವು, ಲ್ಯಾಂಬೆತ್‌ನ 26,107 ಮನೆಗಳಲ್ಲಿ 98. ಅಂದರೆ ಹತ್ತು ಸಾವಿರ ಮನೆಗಳಿಗೆ 315 ಮತ್ತು 37. ವೈದ್ಯ, ರಸಾಯನ, ಗಣಿತ, ಕೊಳವೆಯ ನಕ್ಷೆ ಇವೆಲ್ಲ ಒಬ್ಬರ ಚೀಲದಲ್ಲೇ ಸೇರಿದ್ದವು.

ಬ್ರಾಡ್ ಸ್ಟ್ರೀಟ್ ಬಾವಿ ಕೆಟ್ಟದ್ದು ಹೇಗೆ? ಅದನ್ನು ಪತ್ತೆ ಮಾಡಿದವರು ಅಲ್ಲಿಯ ಪಾದ್ರಿ ಹೆನ್ರಿ ವೈಟ್‌ಹೆಡ್. ಮೊದಲು ಅವರೂ ಸ್ನೋ ಅವರ ಮಾತನ್ನು ನಂಬಿದವರಲ್ಲ. ಪಕ್ಕದ 40ನೆಯ ನಂಬರ್ ಮನೆಯಲ್ಲಿ ಹಸುಗೂಸೊಂದು ಭೇದಿಯಿಂದ ಸತ್ತಿತ್ತು. ಅದರ ಬಟ್ಟೆ ತೊಳೆದ ನೀರನ್ನು ತಾಯಿ ಮನೆಯ ಮಲಗುಂಡಿಗೆ ಸುರಿದಿದ್ದಳು. 1855ರಲ್ಲಿ ಅಗೆದು ನೋಡಿದಾಗ ಗುಂಡಿಯ ಇಟ್ಟಿಗೆ ಶಿಥಿಲವಾಗಿತ್ತು. ಗುಂಡಿಗೂ ಬಾವಿಗೂ ನಡುವೆ ಮೂರಡಿಯೂ ಇರಲಿಲ್ಲ. ನಮ್ಮ ಹಿತ್ತಿಲುಗಳಲ್ಲಿ ಶೌಚದ ಗುಂಡಿ, ಕೊಳವೆಬಾವಿ ಎರಡಕ್ಕೂ ಜಾಗ ಹುಡುಕುವವರು ಈ ಅಳತೆಯನ್ನು ನೆನಪಿಡಲಿ. ಬಾವಿಯ ನೀರು ಕಣ್ಣಿಗೆ ತಿಳಿಯಾಗಿಯೇ ಕಾಣುತ್ತಿತ್ತು.

ಸ್ನೋ ಅವರು ಮದುವೆಯಾಗಲಿಲ್ಲ. 1858ರ ಜೂನ್ 16ರಂದು ಪಾರ್ಶ್ವವಾಯುವಿನಿಂದ ತೀರಿಕೊಂಡಾಗ ವಯಸ್ಸು 45. 1866ರಲ್ಲಿ ಲಂಡನ್ನಿನ ಪೂರ್ವಭಾಗದಲ್ಲಿ ಮತ್ತೆ ಕಾಲರಾ ಬಂತು. ಆಗ, ಹಿಂದೆ ಗಾಳಿಯ ವಾದ ಹಿಡಿದಿದ್ದ ಸರ್ಕಾರಿ ಅಂಕಿಅಂಶ ತಜ್ಞ ವಿಲಿಯಂ ಫಾರ್ ಅವರೇ ನೀರಿನ ಕಂಪೆನಿಯ ಕಡೆ ಬೆರಳು ತೋರಿಸಿದರು. ಭಾರತಕ್ಕೆ ಬಂದಿದ್ದ ಜರ್ಮನಿಯ ರಾಬರ್ಟ್ ಕಾಕ್ 1884ರಲ್ಲಿ, ಕಲ್ಕತ್ತೆಯ ಜನ ಕುಡಿಯಲು ಬಳಸುತ್ತಿದ್ದ ಕೆರೆಯೊಂದರ ನೀರಿನಲ್ಲಿ ಕಾಲರಾ ರೋಗಾಣುವನ್ನು ಕಂಡರು.