ಪಾದುವಾದಿಂದ ಫ್ಲಾರೆನ್ಸಿಗೆ

ಗೆಲಿಲಿಯೋನ ಹೆಸರನ್ನು ಕೇಳಿದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು 1633ರ ರೋಮಿನ ವಿಚಾರಣೆ. ಭೂಮಿ ಚಲಿಸುತ್ತದೆಂಬ ಮತವನ್ನು ತೊರೆದೆನೆಂದು ಎಪ್ಪತ್ತರ ಹತ್ತಿರದ ಮುದುಕನೊಬ್ಬನು ಮಂಡಿಯೂರಿ ಓದಿ ಹೇಳುತ್ತಿದ್ದಾನೆ. ಈ ಚಿತ್ರ ಎಷ್ಟು ಗಾಢವಾದುದೆಂದರೆ ಅದರ ಹಿಂದಿನ ಬಾಳೆಲ್ಲ ಮಸುಕಾಗಿಬಿಡುತ್ತದೆ. ಆದರೆ ಆ ದಿನಕ್ಕೆ ಇಪ್ಪತ್ತಮೂರು ವರ್ಷ ಮೊದಲು ಆತನು ಇನ್ನೊಂದು ನಿರ್ಧಾರವನ್ನು ಕೈಗೊಂಡಿದ್ದನು. ಅದರಲ್ಲಿ ಯಾರ ಬಲಾತ್ಕಾರವೂ ಇರಲಿಲ್ಲ. ಇದ್ದ ಕೆಲಸವನ್ನು ಬಿಟ್ಟು, ಇದ್ದ ಊರನ್ನು ತೊರೆದು, ಮನಸ್ಸಿಗೊಪ್ಪುವ ಬೇರೊಂದು ಹುದ್ದೆಗೆ ಹೋಗುವುದೇ ಬೇಡವೇ ಎಂಬ, ನಮ್ಮಲ್ಲಿ ಅನೇಕರಿಗೆ ಎದುರಾಗುವ ಪ್ರಶ್ನೆಯೇ ಅದು.

ಗೆಲಿಲಿಯೋ ಹುಟ್ಟಿದುದು 1564ರಲ್ಲಿ, ಪೀಸಾ ನಗರದಲ್ಲಿ. ತಂದೆ ವಿಂಚೆಂಜೊ ವೀಣೆಯಂಥ ಲ್ಯೂಟ್ ವಾದ್ಯವನ್ನು ನುಡಿಸುತ್ತಿದ್ದವನು, ಸಂಗೀತಶಾಸ್ತ್ರದಲ್ಲಿ ಗ್ರಂಥ ಬರೆದವನು, ಕೀರ್ತಿಯಿತ್ತು, ಹಣವಿರಲಿಲ್ಲ. ಮಗ ವೈದ್ಯನಾಗಲೆಂದು ಓದಿಗೆ ಹಚ್ಚಿದರೆ ಅವನು ಗಣಿತಕ್ಕೆ ಮನಸೋತು ಪದವಿಯಿಲ್ಲದೆಯೇ ಮನೆಗೆ ಬಂದನು. 1589ರಲ್ಲಿ ಪೀಸಾದಲ್ಲೇ ಗಣಿತದ ಅಧ್ಯಾಪಕನಾದಾಗ ವರ್ಷಕ್ಕೆ 60 ನಾಣ್ಯಗಳ ಸಂಬಳ. ವೈದ್ಯಶಾಸ್ತ್ರ ಕಲಿಸುವವರಿಗೆ ಸಿಗುತ್ತಿದ್ದುದರ ಮುಂದೆ ಅದು ಲೆಕ್ಕಕ್ಕೇ ಬಾರದು. 1591ರಲ್ಲಿ ತಂದೆ ತೀರಿಕೊಂಡನು. ತಂಗಿಯರ ವರದಕ್ಷಿಣೆ, ತಮ್ಮನ ಪೋಷಣೆ ಎಲ್ಲವೂ ಹಿರಿಯ ಮಗನ ತಲೆಯ ಮೇಲೆ ಬಂದವು. ಮರುವರ್ಷ ವೆನಿಸ್ ಗಣರಾಜ್ಯಕ್ಕೆ ಸೇರಿದ ಪಾದುವಾ ವಿಶ್ವವಿದ್ಯಾಲಯದಲ್ಲಿ ಸ್ಥಾನ ದೊರೆಯಿತು. ಸಂಬಳ 180 ಫ್ಲಾರಿನ್. ಆತನು ಅಲ್ಲಿ ಉಳಿದದ್ದು ಹದಿನೆಂಟು ವರ್ಷ.

ಆ ಹದಿನೆಂಟು ವರ್ಷಗಳ ಮನೆಯನ್ನು ಕಲ್ಪಿಸಿಕೊಳ್ಳಬೇಕು. ಅದು ಮನೆಯೂ ಹೌದು, ವಿದ್ಯಾರ್ಥಿನಿಲಯವೂ ಹೌದು, ಕಾರ್ಖಾನೆಯೂ ಹೌದು. ಸಂಬಳ ಸಾಲದೆ ಶ್ರೀಮಂತರ ಮಕ್ಕಳನ್ನು ಊಟವಸತಿ ಕೊಟ್ಟು ಇಟ್ಟುಕೊಂಡು ಕೋಟೆ ಕಟ್ಟುವ ವಿದ್ಯೆಯನ್ನೂ ಕ್ಷೇತ್ರಗಣಿತವನ್ನೂ ಖಾಸಗಿಯಾಗಿ ಕಲಿಸುತ್ತಿದ್ದನು. ಮಾಟ್ಸೊಲೇನಿ ಎಂಬ ಕುಶಲಕರ್ಮಿಯನ್ನು ಮನೆಯಲ್ಲೇ ಇರಿಸಿಕೊಂಡು, ತಾನು ರೂಪಿಸಿದ ಲೆಕ್ಕದ ಕೈವಾರಗಳನ್ನು ಮಾಡಿಸಿ ಮಾರುತ್ತಿದ್ದನು. ಜಾತಕ ಬರೆದುಕೊಡುವುದೂ ಇತ್ತು. ಮರೀನಾ ಗಾಂಬಾ ಎಂಬ ವೆನಿಸ್ಸಿನ ಹೆಂಗಸಿನಿಂದ ಆತನಿಗೆ ಇಬ್ಬರು ಹೆಣ್ಣುಮಕ್ಕಳೂ ಒಬ್ಬ ಮಗನೂ ಆದರು, ಮದುವೆಯಾಗಲಿಲ್ಲ. ಇಷ್ಟೆಲ್ಲ ಗದ್ದಲದ ನಡುವೆಯೇ ಓರೆಹಲಗೆಯ ಮೇಲೆ ಗುಂಡುಗಳನ್ನು ಉರುಳಿಸಿ, ಬೀಳುವ ವಸ್ತುವಿನ ನಿಯಮವನ್ನು ಆತನು ಕಂಡುಕೊಂಡದ್ದು; ಎಸೆದ ಕಲ್ಲಿನ ಹಾದಿ ಯಾವ ವಕ್ರರೇಖೆಯೆಂದು ನಿರ್ಣಯಿಸಿದ್ದು. ಬಿಡುವಾದಾಗ ವೆನಿಸ್ಸಿಗೆ ಹೋಗುವನು. ಅಲ್ಲಿ ಸಾಗ್ರೇಡೊ ಎಂಬ ಸಿರಿವಂತ ರಸಿಕ ಮಿತ್ರ, ಪಾವ್ಲೊ ಸಾರ್ಪಿ ಎಂಬ ಮೇಧಾವಿ ಸನ್ಯಾಸಿ. ಹಡಗು ಕಟ್ಟುವ ದೊಡ್ಡ ಕಾರ್ಖಾನೆಯಲ್ಲಿ ಮಾತನಾಡಿಸಲು ಹಳೆಯ ಕೆಲಸಗಾರರು.

ಆ ನೆಲಕ್ಕೆ ಇನ್ನೊಂದು ಗುಣವಿತ್ತು. ಅದು ಬೆಲೆಬಾಳುವುದೆಂದು ಆಗ ಗೆಲಿಲಿಯೋನಿಗೆ ತೋರಿದಂತೆ ಕಾಣುವುದಿಲ್ಲ. ವೆನಿಸ್ ರೋಮಿಗೆ ತಲೆಬಾಗುತ್ತಿರಲಿಲ್ಲ. 1606ರಲ್ಲಿ ಪೋಪನು ಇಡೀ ಗಣರಾಜ್ಯಕ್ಕೆ ಬಹಿಷ್ಕಾರ ಹಾಕಿದಾಗ ಅದು ಜೆಸೂಯಿಟರನ್ನೇ ಹೊರದೂಡಿತು. 1604ರಲ್ಲಿ ಗೆಲಿಲಿಯೋನ ಬಳಿ ಹಿಂದೆ ಬರವಣಿಗೆಗಿದ್ದವನೊಬ್ಬನು ಆತನ ಜ್ಯೋತಿಷ್ಯದ ಬಗ್ಗೆ ಧರ್ಮವಿಚಾರಣಾ ಮಂಡಲಿಗೆ ದೂರು ಕೊಟ್ಟಿದ್ದನು. ವೆನಿಸ್ಸಿನ ಅಧಿಕಾರಿಗಳು ಅದನ್ನು ಮುಂದುವರಿಯಗೊಡಲಿಲ್ಲ. ಆತನ ಸಹೋದ್ಯೋಗಿ, ಅರಿಸ್ಟಾಟಲನ ಕಟ್ಟಾ ಅನುಯಾಯಿ ಕ್ರೆಮೊನೀನಿಯ ಮೇಲೂ ಅದೇ ಕಾಲಕ್ಕೆ ದೂರು ಬಂದು ಅದೇ ಬಗೆಯಲ್ಲಿ ಮುಗಿಯಿತು.

1609ರ ಬೇಸಗೆಯಲ್ಲಿ ದೂರದರ್ಶಕದ ಸುದ್ದಿ ಹಾಲೆಂಡಿನಿಂದ ಬಂದಿತು. ಗೆಲಿಲಿಯೋ ತಾನೇ ಒಂದನ್ನು ಮಾಡಿ, ಆಗಸ್ಟಿನಲ್ಲಿ ಸಂತ ಮಾರ್ಕನ ಗೋಪುರದ ಮೇಲಿಂದ ವೆನಿಸ್ಸಿನ ಹಿರಿಯರಿಗೆ ದೂರದ ಹಡಗುಗಳನ್ನು ತೋರಿಸಿ, ಅದನ್ನು ರಾಜ್ಯಕ್ಕೆ ಕಾಣಿಕೆಯಾಗಿ ಕೊಟ್ಟನು. ಸೆನೆಟ್ ಸಭೆಯು ಆತನ ಹುದ್ದೆಯನ್ನು ಬಾಳಿನುದ್ದಕ್ಕೂ ಖಾಯಂ ಮಾಡಿ ಸಂಬಳವನ್ನು 1000 ಫ್ಲಾರಿನ್ನಿಗೆ ಏರಿಸಿತು. ಆದರೆ ಮುಂದೆ ಹೆಚ್ಚಳ ಕೇಳುವಂತಿಲ್ಲ; ಪಾಠವೂ ತಪ್ಪದು. ಸಾಯುವವರೆಗೆ ಇದೇ ಕುರ್ಚಿ ಎಂಬುದು ಕೆಲವರಿಗೆ ನೆಮ್ಮದಿ. ನಲವತ್ತೈದರ ಗೆಲಿಲಿಯೋನಿಗೆ ಅದು ಕದ ಮುಚ್ಚಿದ ಸದ್ದಿನಂತೆ ಕೇಳಿಸಿರಬೇಕು.

1610ರ ಜನವರಿಯಲ್ಲಿ ಗುರುಗ್ರಹದ ಸುತ್ತ ನಾಲ್ಕು ಚಂದ್ರರು ಕಂಡವು. ಅವುಗಳಿಗೆ ಆತನು ಇಟ್ಟ ಹೆಸರು ವೆನಿಸ್ಸಿನದಲ್ಲ. ತನ್ನ ಹುಟ್ಟುನಾಡಾದ ಟಸ್ಕನಿಯನ್ನು ಆಳುತ್ತಿದ್ದ ಮೆಡಿಚಿ ಮನೆತನದ್ದು. ಅಲ್ಲಿನ ತರುಣ ಪ್ರಭು ಎರಡನೆಯ ಕೊಸಿಮೊ ಬೇಸಗೆ ರಜೆಗಳಲ್ಲಿ ಆತನಿಂದ ಗಣಿತ ಕಲಿತವನು. ಆ ವಸಂತದಲ್ಲಿ ಪ್ರಭುವಿನ ಕಾರ್ಯದರ್ಶಿ ವಿಂಟಾ ಎಂಬವನಿಗೆ ಗೆಲಿಲಿಯೋ ಬರೆದ ಪತ್ರ ಓದಲು ಬಹಳ ಸ್ವಾರಸ್ಯವಾದುದು. ವಿಶ್ವವಿದ್ಯಾಲಯದ ಪಾಠ ತನಗೆ ಹೊರೆಯಲ್ಲವೆಂದು ಆತನೇ ಒಪ್ಪುತ್ತಾನೆ. ವರ್ಷಕ್ಕೆ 60 ಅರ್ಧಗಂಟೆಗಳನ್ನು ಅದು ಮೀರುವುದಿಲ್ಲ. ದಿನಗಳನ್ನು ನುಂಗುತ್ತಿರುವುದು ಹೊಟ್ಟೆಪಾಡಿನ ಖಾಸಗಿ ಪಾಠ. ಬರೆಯಬೇಕಾದ ಗ್ರಂಥಗಳು ಮನಸ್ಸಿನಲ್ಲೇ ಉಳಿದಿವೆ. ಗಣರಾಜ್ಯದಲ್ಲಿ ಸಂಬಳ ತೆಗೆದುಕೊಂಡವನು ಸಾರ್ವಜನಿಕರ ಸೇವೆಯನ್ನು ಮಾಡಲೇಬೇಕು. ಬಿಡುವನ್ನು ಕೊಡಬಲ್ಲವನು ಒಬ್ಬ ಅರಸ ಮಾತ್ರ. ಇಷ್ಟನ್ನು ತೋಡಿಕೊಂಡು ಕೊನೆಗೆ ಒಂದು ಬಿರುದನ್ನೂ ಬೇಡುತ್ತಾನೆ: ಗಣಿತಜ್ಞನೆಂದಷ್ಟೇ ಸಾಲದು, ತತ್ತ್ವಜ್ಞನೆಂದೂ ಕರೆಯಬೇಕು. ಅದನ್ನು ಬರಿಯ ಹಿರಿಮೆಯ ಆಸೆ ಎನ್ನಲಾಗದು. ಜಗತ್ತು ಇರುವುದು ಹೇಗೆಂದು ಹೇಳುವ ಅಧಿಕಾರ ಅಂದು ತತ್ತ್ವಜ್ಞನದಾಗಿತ್ತು. ಗಣಿತಜ್ಞನು ಲೆಕ್ಕ ಹಾಕಿಕೊಟ್ಟು ಸುಮ್ಮನಿರಬೇಕಾಗಿತ್ತು.

ಮನೆಪಾಠ ಹೇಳಿ ಸಂಸಾರ ತೂಗಿಸಿದ ಅಧ್ಯಾಪಕರಿಗೆ ಈ ಪತ್ರದ ದಣಿವು ಅರ್ಥವಾಗದೆ ಇರದು. ಆದರೂ ಅದರಲ್ಲಿ ಒಂದು ಕಡೆ ಆತನ ತರ್ಕ ಕುಂಟುತ್ತದೆ ಎಂದು ನನ್ನ ಭಾವನೆ. ಹೊಸ ಸಂಬಳ ಬಂದ ಮೇಲೆ ಮನೆಪಾಠವನ್ನು ಪಾದುವಾದಲ್ಲಿದ್ದುಕೊಂಡೇ ಕೈಬಿಡಬಹುದಿತ್ತಲ್ಲವೆ? ಆತನಿಗೆ ಬೇಕಾದುದು ಬಿಡುವೊಂದೇ ಅಲ್ಲ; ಆಸ್ಥಾನದ ಹೊಳಪು, ಹುಟ್ಟೂರಿನ ಮನ್ನಣೆ, ತತ್ತ್ವಜ್ಞರ ಸಾಲಿನಲ್ಲಿ ಒಂದು ಪೀಠ.

ಜುಲೈಯಲ್ಲಿ ನೇಮಕವಾಯಿತು. ಪೀಸಾ ವಿಶ್ವವಿದ್ಯಾಲಯದಲ್ಲಿ ಮುಖ್ಯ ಗಣಿತಜ್ಞ, ಆದರೆ ಅಲ್ಲಿ ವಾಸಿಸಬೇಕಾಗಿಲ್ಲ, ಪಾಠ ಹೇಳಬೇಕಾಗಿಲ್ಲ. ಜೊತೆಗೆ ಪ್ರಭುವಿನ ಗಣಿತಜ್ಞ ಹಾಗೂ ತತ್ತ್ವಜ್ಞ. ಸಂಬಳ ಇಲ್ಲಿಯೂ ಸಾವಿರವೇ, ಫ್ಲಾರೆನ್ಸಿನ ನಾಣ್ಯದಲ್ಲಿ. ವರ್ಷ ತುಂಬುವ ಮೊದಲೇ ಬಿಟ್ಟುಹೋಗುತ್ತಿರುವನೆಂದು ವೆನಿಸ್ಸಿನವರು ನೊಂದರು, ಸಿಟ್ಟಾದರು. ಸೆಪ್ಟೆಂಬರಿನಲ್ಲಿ ಗೆಲಿಲಿಯೋ ಹೊರಟನು. ಮರೀನಾಳನ್ನೂ ನಾಲ್ಕು ವರ್ಷದ ಮಗನನ್ನೂ ಪಾದುವಾದಲ್ಲೇ ಬಿಟ್ಟನು. ಫ್ಲಾರೆನ್ಸಿಗೆ ಬಂದ ಹೆಣ್ಣುಮಕ್ಕಳಿಬ್ಬರೂ 1613ರಲ್ಲಿ ಕ್ರೈಸ್ತ ಮಠ ಸೇರಿದರು. ಸ್ಥಳಾಂತರದ ಲೆಕ್ಕದಲ್ಲಿ ಇವರ ಪಾಲನ್ನು ಯಾರು ಬರೆದಿಟ್ಟರೋ!

ಸಾಗ್ರೇಡೊ ಆಗ ರಾಜ್ಯದ ಕೆಲಸದ ಮೇಲೆ ಸಿರಿಯಾದ ಅಲೆಪ್ಪೊದಲ್ಲಿದ್ದನು. 1611ರಲ್ಲಿ ಹಿಂದಿರುಗಿ ಬಂದು ನೋಡಿದರೆ ಮಿತ್ರನಿಲ್ಲ. ಆಗ ಆತನು ಬರೆದ ಕಾಗದದಷ್ಟು ಮುಂದಾಲೋಚನೆಯುಳ್ಳ ಕಾಗದ ಮತ್ತೊಂದಿರಲಾರದು. ವೆನಿಸ್ಸಿನಲ್ಲಿ ನೀನು ನಿನ್ನ ಒಡೆಯರಿಗೂ ಒಡೆಯನಂತಿದ್ದೆ. ಈಗ ಒಬ್ಬನೇ ಪ್ರಭುವನ್ನು ನೆಚ್ಚಿರುವೆ. ಆತನು ಒಳ್ಳೆಯವನೇ ಇರಬಹುದು, ಆದರೆ ಆಸ್ಥಾನದಲ್ಲಿ ಹೊಟ್ಟೆಕಿಚ್ಚಿನ ಗಾಳಿ ಯಾವ ಕಡೆಗೆ ಬೀಸುವುದೋ ಬಲ್ಲವರಾರು? ಜೆಸೂಯಿಟರ ಮಾತು ನಡೆಯುವ ಕಡೆಯಲ್ಲಿ ನೀನಿರುವುದು ನನಗೆ ಚಿಂತೆ. ಪತ್ರದ ಭಾವ ಇದು. ಕಾಲ ಮಿಂಚಿತ್ತು.

ಮೊದಮೊದಲು ಎಲ್ಲವೂ ಸರಿಯಾಗಿಯೇ ನಡೆಯಿತು. ಫ್ಲಾರೆನ್ಸಿಗೆ ಬಂದ ಕೆಲವೇ ತಿಂಗಳಲ್ಲಿ ಶುಕ್ರಗ್ರಹವೂ ಚಂದ್ರನಂತೆ ವೃದ್ಧಿಕ್ಷಯಗಳನ್ನು ತೋರುವುದೆಂದು ಕಂಡುಹಿಡಿದನು. 1611ರಲ್ಲಿ ರೋಮ್ ಆತನನ್ನು ಸನ್ಮಾನಿಸಿತು. 1616ರಲ್ಲಿ ಅದೇ ರೋಮ್ ಕೊಪರ್ನಿಕಸನ ಮತವನ್ನು ಎತ್ತಿಹಿಡಿಯಕೂಡದೆಂದು ಎಚ್ಚರಿಸಿತು. 1621ರಲ್ಲಿ ಕೊಸಿಮೊ ಮೂವತ್ತರ ಹರೆಯದಲ್ಲೇ ಕಣ್ಮುಚ್ಚಿದನು. ಉತ್ತರಾಧಿಕಾರಿ ಹತ್ತು ವರ್ಷದ ಹುಡುಗ. 1632ರಲ್ಲಿ ಸಂವಾದಗ್ರಂಥ ಅಚ್ಚಾಗಿ ರೋಮಿನಿಂದ ಕರೆ ಬಂದಾಗ ಆ ಹುಡುಗ ಬೆಳೆದು ಪ್ರಭುವಾಗಿದ್ದನು. ಮುದುಕನ ಪ್ರಯಾಣಕ್ಕೆ ಆತನು ಪಲ್ಲಕ್ಕಿಯನ್ನು ಕೊಟ್ಟನು. ರೋಮಿನಲ್ಲಿ ತನ್ನ ರಾಯಭಾರಿಯ ಮನೆಯಲ್ಲಿ ಇಳಿಸಿದನು. ಕಳಿಸುವುದಿಲ್ಲ ಎನ್ನುವ ಎದೆ ಆತನಿಗಿರಲಿಲ್ಲ.

ವೆನಿಸ್ ಹಾಗೆ ಹೇಳುತ್ತಿತ್ತೇ? ಹೇಳುತ್ತಿತ್ತೆಂದು ಅನೇಕರು ಬರೆದಿದ್ದಾರೆ. ಕ್ರೆಮೊನೀನಿ ಪಾದುವಾದಲ್ಲೇ ಉಳಿದು, ರೋಮಿನ ಕೆಂಗಣ್ಣಿಗೆ ಮತ್ತೆ ಮತ್ತೆ ಗುರಿಯಾಗಿಯೂ 1631ರಲ್ಲಿ ತನ್ನ ಕಾಲ ತೀರಿಯೇ ಸತ್ತನು. ಇದು ಆ ಪಕ್ಷಕ್ಕೆ ಒಳ್ಳೆಯ ಸಾಕ್ಷಿ. ಆದರೆ ಜೋರ್ಡಾನೊ ಬ್ರೂನೊವನ್ನು 1593ರಲ್ಲಿ ರೋಮಿನ ಕೈಗೆ ಒಪ್ಪಿಸಿದುದೂ ಇದೇ ವೆನಿಸ್. ಏಳು ವರ್ಷಗಳ ಮೇಲೆ ಆತನನ್ನು ಅಲ್ಲಿ ಸುಟ್ಟರು. ಗಣರಾಜ್ಯಕ್ಕೂ ತನ್ನ ಲಾಭನಷ್ಟಗಳಿದ್ದವು. ಹೋದದ್ದು ತಪ್ಪು, ಉಳಿದಿದ್ದರೆ ಸರಿ ಎಂದು ಗೆರೆ ಕೊಯ್ದಂತೆ ಹೇಳುವುದು ನನ್ನಿಂದಾಗದು. ಒಂದನ್ನು ಮಾತ್ರ ಧೈರ್ಯವಾಗಿ ಹೇಳಬಹುದು: ಊರು ಬಿಡುವಾಗ ಆತನು ತೂಗಿ ನೋಡಿದ್ದು ಹೊತ್ತನ್ನು, ಗೌರವವನ್ನು, ಸಂಬಳವನ್ನು. ಕಾವಲನ್ನು ತಕ್ಕಡಿಯಲ್ಲಿ ಇಡಲೇ ಇಲ್ಲ.

ಬಯಸಿದ ಬಿಡುವು ಕೊನೆಗೂ ದೊರೆಯಿತು, ಗೃಹಬಂಧನದ ರೂಪದಲ್ಲಿ. ಫ್ಲಾರೆನ್ಸಿನ ಹೊರವಲಯದ ಆರ್ಚೇತ್ರಿಯಲ್ಲಿ ಆತನ ಮನೆ. ಹತ್ತಿರದ ಮಠದಲ್ಲಿ ಹಿರಿಯ ಮಗಳಿದ್ದಳು. ಅವಳು 1634ರಲ್ಲಿ ತೀರಿಕೊಂಡಳು. ಗೆಲಿಲಿಯೋ ಬರೆಯುತ್ತ ಕುಳಿತನು. ಪಾದುವಾದಲ್ಲಿ ಓರೆಹಲಗೆಯ ಮೇಲೆ ಗುಂಡು ಉರುಳಿಸಿದಾಗಿನ ಹಳೆಯ ಟಿಪ್ಪಣಿಗಳೇ ಆಧಾರ. ಎರಡು ಹೊಸ ವಿಜ್ಞಾನಗಳನ್ನು ಕುರಿತ ಆ ಗ್ರಂಥ 1638ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಅಚ್ಚಾಯಿತು. ಅದು ತೆರೆದುಕೊಳ್ಳುವುದು ವೆನಿಸ್ಸಿನ ಹಡಗು ಕಾರ್ಖಾನೆಯನ್ನು ನೆನೆಯುವ ಮಾತಿನಿಂದ. ಅದರಲ್ಲಿ ಮಾತನಾಡುವ ಮೂವರಲ್ಲಿ ಒಬ್ಬನು, ಸತ್ತು ಹದಿನೆಂಟು ವರ್ಷವಾಗಿದ್ದ ಸಾಗ್ರೇಡೊ. ಪುಸ್ತಕ ಹೊರಬರುವ ವೇಳೆಗೆ ಗೆಲಿಲಿಯೋನ ಕಣ್ಣುಗಳೆರಡೂ ಹೋಗಿದ್ದವು.

1640ರ ಜೂನಿನಲ್ಲಿ ಲಿಚೇಟಿ ಎಂಬ ಪಂಡಿತನು ಪಾದುವಾಕ್ಕೆ ಮರಳುತ್ತಿರುವ ಸುದ್ದಿ ಆತನಿಗೆ ತಲುಪಿತು. ಆ ಸುದ್ದಿ ಕೇಳಿ ತನಗೆ ಹೊಟ್ಟೆಕಿಚ್ಚಾಗದೆ ಇರಲಿಲ್ಲವೆಂದೂ, ತನ್ನ ಬಾಳಿನ ಅತ್ಯುತ್ತಮವಾದ ಹದಿನೆಂಟು ವರ್ಷಗಳನ್ನು ಕಳೆದುದು ಅಲ್ಲಿಯೇ ಎಂದೂ ಕುರುಡ ಗೆಲಿಲಿಯೋ ಕಾಗದ ಬರೆಯಿಸಿದನು. ಒಂದೂವರೆ ವರ್ಷದ ಮೇಲೆ, 1642ರ ಜನವರಿ 8ರಂದು, ಆರ್ಚೇತ್ರಿಯ ಆ ಮನೆಯಲ್ಲೇ ಆತನ ಪ್ರಾಣ ಹೋಯಿತು.